ಕೊಳಗಲ್ಲಿನ ದಾರಿಯಲ್ಲಿ ತುರ್ಕರ ಮಾತು

ರಾಷ್ಟ್ರಕೂಟರ ಮೂರನೇ ಕೃಷ್ಣ ತೀರಿಕೊಂಡ ಸುದ್ದಿಯನ್ನು ಕ್ರಿ.ಶ. 967ರ ಕೊಳಗಲ್ಲು ಶಾಸನ ಹೇಳುತ್ತದೆ. ಆಗ ಆಳುತ್ತಿದ್ದವನು ಖೊಟ್ಟಿಗ. ಬಳ್ಳಾರಿಯಿಂದ ಆ ಊರಿಗೆ ಬಸ್ಸು ಹತ್ತಿದಾಗ ನನ್ನ ತಲೆಯಲ್ಲಿ ಇನ್ನೊಂದು ಕಲ್ಲೂ ಇತ್ತು. ಮಂಗೋಲಿಯಾದ ಓರ್ಖೋನ್ ಕಣಿವೆಯಲ್ಲಿ, ತಮ್ಮ ಕುಲ್ ತೆಗಿನ್ ಸತ್ತ ದುಃಖದಲ್ಲಿ ಬಿಲ್ಗೆ ಖಗಾನ್ 732ರಲ್ಲಿ ನಿಲ್ಲಿಸಿದ ಕಲ್ಲು ಅದು. ತುರ್ಕರ ಮಾತು ಬರವಣಿಗೆಯಲ್ಲಿ ಸಿಗುವ ತೀರಾ ಹಳೆಯ ದಾಖಲೆಗಳಲ್ಲೊಂದು. ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್ 1893ರಲ್ಲಿ ಆ ಲಿಪಿಯ ಗುಟ್ಟು ಬಿಡಿಸಿದ. 'ತೆಗಿನ್' ಎಂದರೆ ರಾಜಕುಮಾರ. ಕೊಳಗಲ್ಲಿನ ಶಾಸನವಾಗಿ ಹತ್ತು ವರ್ಷಕ್ಕೆ ಗಜ್ನಿಯ ಗದ್ದುಗೆ ಏರಿದ ಸಬಕ್ತಗೀನನ ಹೆಸರಿನ ಕೊನೆಯಲ್ಲಿ ಇರುವುದೂ ಅದೇ ಬಿರುದು. ಎಲ್ಲಿಯ ಓರ್ಖೋನ್, ಎಲ್ಲಿಯ ಬಳ್ಳಾರಿ ಸೀಮೆ!

ಆದರೆ ಆ ದೂರ ಒಂದು ಮಿರ್ಚಿ ಅಂಗಡಿಯ ಮುಂದೆ ಕರಗಿಹೋಯಿತು. ಒಗ್ಗರಣೆ ಮಂಡಕ್ಕಿಗೆ ಜೊತೆಯಾಗಲಿದ್ದ ಉದ್ದನೆಯ ಹಸಿಮೆಣಸಿನಕಾಯಿಗಳನ್ನು ಅಂಗಡಿಯಾಕೆ ಒಂದೊಂದಾಗಿ ಸೀಳುತ್ತಿದ್ದರು. ತುದಿ ಮೊಂಡಾದ, ಸಾಣೆ ಹಿಡಿದು ಹಿಡಿದು ಅರ್ಧ ಸವೆದ ಅಲಗು. ಬೀಜ ಉದುರಿಸಿ, ಉಪ್ಪು ಓಂಕಾಳು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವುದು ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು.

"ಅಮ್ಮಾ, ಇದಕ್ಕೇನಂತೀರಿ?" ಎಂದೆ.

"ಚಾಕು ಸಾರ್. ನಮ್ಮಜ್ಜಿ ಕಾಲದಿಂದ್ಲೂ ಚಾಕೂನ. ಇದಕ್ಕ ಬ್ಯಾರೆ ಹೆಸರೆಲ್ಲೈತಿ?"

ಇಸ್ತಾಂಬುಲಿನಲ್ಲಿ ಮಡಚುವ ಚಾಕುವಿಗೆ ಇವತ್ತಿಗೂ 'ಚಕಿ' ಅನ್ನುತ್ತಾರೆ. ಆ ಮಾತು ತುರ್ಕರಿಂದ ಪಾರಸಿಗೆ, ಪಾರಸಿಯಿಂದ ದಖ್ಖನಿ ಉರ್ದುವಿಗೆ, ಅಲ್ಲಿಂದ ನಮ್ಮ ಅಡುಗೆಮನೆಗೆ ದಾಟಿ ಬಂತು. ದಾಟಿಸಿದವರು ಹೆಚ್ಚಾಗಿ ಸೈನಿಕರು, ಅವರ ಬೆನ್ನಿಗೆ ಬಂದ ಅಡುಗೆಯವರು, ಕಾರಕೂನರು. ಉರ್ದು ಎಂಬ ಹೆಸರೇ ದಂಡು, ಪಾಳೆಯ ಎಂಬರ್ಥದ 'ಓರ್ದು'ವಿನಿಂದ ಬಂದದ್ದಲ್ಲವೇ? ಪರೋಟಾಕ್ಕೆ ಬಡಿಸುವ ಕುರ್ಮಾದ ಮೂಲ ಹುರಿದದ್ದು ಎನ್ನುವ 'ಕವುರ್ಮ'. ದಸರೆಯ ಕುಶಾಲತೋಪಿನ ತೋಪು ತುರ್ಕರ ಫಿರಂಗಿ. ಪತ್ರಿಕೆ ಬಿಡಿಸಿದರೆ ಮಾತಿನ ಚಕಮಕಿ, ಗುಂಡಿನ ಚಕಮಕಿ. ತುರ್ಕಿಯಲ್ಲಿ 'ಚಕ್ಮಕ್' ಎಂದರೆ ಕಿಡಿ ಹೊಡೆಯುವುದು, ಬೀಡಿ ಹಚ್ಚುವ ಲೈಟರಿಗೂ ಅದೇ ಹೆಸರು.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಕುಮ್ಮಕ್ಕು. ಅದರ ಬೇರು 'ಕೊಮೆಕ್', ನೆರವು. ದಂಡಿನವರ ಬಾಯಲ್ಲಿ ಕಾದಾಟದ ನಡುವೆ ಬಂದು ಕೂಡಿಕೊಳ್ಳುವ ಹೆಚ್ಚಿನ ಪಡೆ. ನಾವು ಅದನ್ನು ಕೆಟ್ಟ ಕೆಲಸಕ್ಕೆ ಮಾತ್ರ ಮೀಸಲಿಟ್ಟೆವು. ಆದರೆ ಕರಾವಳಿಯಲ್ಲಿ ಮಾತಿನ ಒಳ್ಳೆಯತನ ಉಳಿದಿದೆ. ದಕ್ಷಿಣ ಕನ್ನಡದ ಕುಮ್ಕಿ ಜಮೀನು ಎಂದರೆ ವರ್ಗದ ಭೂಮಿಗೆ, ಅಂದರೆ ರೈತನ ಸ್ವಂತ ಹಿಡುವಳಿಗೆ, ತಾಗಿದ, 100 ಗಜದೊಳಗಿನ ಸರ್ಕಾರಿ ಜಾಗ; ರೈತ ಅಲ್ಲಿಂದ ಸೊಪ್ಪು ಸೌದೆ ತರಬಹುದು. ಬೇಸಾಯಕ್ಕೆ ಕೊಟ್ಟ ನೆರವು ಅದು. ಹುಲ್ಲುಗಾವಲಿನ ಕುದುರೆ ಸವಾರರ ಮಾತು ಅಡಿಕೆ ತೋಟದ ಬದುವಿನಲ್ಲಿ ಕಂದಾಯದ ಪದವಾಗಿ ಕೂತಿದೆ!

ವ್ಯಾಕರಣದಲ್ಲೂ ಮೈ ಜುಮ್ಮೆನ್ನಿಸುವ ಹೋಲಿಕೆಯಿದೆ. ತುರ್ಕಿಯಲ್ಲಿ 'ಎವ್' ಮನೆ, 'ಲೆರ್' ಗಳು, 'ದೆ' ಅಲ್ಲಿ: 'ಎವ್‌ಲೆರ್‌ದೆ', ಮನೆಗಳಲ್ಲಿ. ಒಂದರ ಹಿಂದೊಂದು ಪ್ರತ್ಯಯ, ನಮ್ಮದೇ ಕ್ರಮ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳಿಗೆ ತುರ್ಕಿಯೂ ಸೇರಿದ ಉತ್ತರದ ಭಾಷೆಗಳ ಜೊತೆ ನಂಟು ಹುಡುಕಿದ. ಈಗಿನ ಭಾಷಾವಿಜ್ಞಾನಿಗಳು ಆ ನಂಟನ್ನು ಒಪ್ಪುವುದಿಲ್ಲ, ಸರಿಯೇ. ನಂಟಿಲ್ಲದ ಎರಡು ಭಾಷೆಗಳು ಹೀಗೆ ಒಂದೇ ನಡಿಗೆ ಕಲಿತದ್ದು ನನಗಂತೂ ಇನ್ನೂ ದೊಡ್ಡ ಸೋಜಿಗ.

ಬಳ್ಳಾರಿ ಸೀಮೆಗೆ ತುರ್ಕರ ಮಾತಷ್ಟೇ ಅಲ್ಲ, ತುರ್ಕರೂ ಬಂದಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಸೆರೆಹಿಡಿದ ತುರ್ಕಿ ಸೈನಿಕರನ್ನು ಬಳ್ಳಾರಿಯಲ್ಲೂ ಇರಿಸಿದ್ದರು. 1917ರಲ್ಲಿ ರೆಡ್ ಕ್ರಾಸ್ ಪ್ರತಿನಿಧಿಗಳು ಬಂದು ಅವರ ಶಿಬಿರ ನೋಡಿ ಹೋದರು. ಊರಿಂದ ಸಾವಿರಾರು ಮೈಲಿ ದೂರ, ಈ ಬಿಸಿಲು, ಅರ್ಥವಾಗದ ಕನ್ನಡ, ತೆಲುಗು. ಆ ಗದ್ದಲದ ನಡುವೆ ಯಾರೋ ಚಾಕು ಕೇಳಿದ್ದು, ಯಾರೋ ಚಕಮಕಿ ಕಲ್ಲು ಬೇಡಿದ್ದು ಅವರ ಕಿವಿಗೆ ಬಿದ್ದಿರಬೇಕು. ತಿರುಗಿ ನೋಡಿರಬೇಕು.