ಪದ್ಮಿನಿಯ ತಾಪ

ಹಳೆಯ ಕಾರಿನ ರೇಡಿಯೇಟರ್ ಸೋರತೊಡಗಿದರೆ ಮೊದಲು ಗೊತ್ತಾಗುವುದು ಯಜಮಾನನಿಗಲ್ಲ, ಬೆಳಿಗ್ಗೆ ಎದ್ದು ರಂಗೋಲಿ ಹಾಕುವವರಿಗೆ. ಈ ಪ್ರಬಂಧಕಾರನ ಮನೆಯಲ್ಲೂ ಹಾಗೇ ಆಯಿತು. ನೀರು ಹಾಕಿ ಗುಡಿಸಿದ ಜಾಗದಲ್ಲಿ ಅಂಗೈಯಗಲದ ಹಸಿರು ಕಲೆ. "ನಿಮ್ಮ ಪದ್ಮಿನಿ ಏನು ಮಾಡಿದ್ದಾಳೆ ಬಂದು ನೋಡಿ" ಎಂಬ ದೂರು ಕಾಫಿಗಿಂತ ಮುಂಚೆ ಬಂತು. ಪದ್ಮಿನಿ ಎಂದರೆ ಪ್ರೀಮಿಯರ್ ಪದ್ಮಿನಿ. ಅಪ್ಪ ಹಣ ಕಟ್ಟಿ, ವರ್ಷಗಟ್ಟಲೆ ಕಾದು ಪಡೆದದ್ದು. ಅಪ್ಪ ಹೋದರು, ಕಾರು ಉಳಿಯಿತು, ಅದರ ಖರ್ಚೂ ಉಳಿಯಿತು.

ಸೋರಿಕೆಯ ಜೊತೆಗೆ ಕಾರು ಬಿಸಿಯೂ ಆಗತೊಡಗಿತ್ತು. ಸಲಹೆಗಳಿಗೆ ಬರವಿಲ್ಲ. ಎದುರು ಮನೆಯ ನಿವೃತ್ತ ಎಂಜಿನಿಯರರು "ಅಲ್ಯೂಮಿನಿಯಂದು ಹಾಕಿಸಿಬಿಡಿ ಸ್ವಾಮಿ, ಮತ್ತೆ ಆ ಕಡೆ ತಿರುಗಿ ನೋಡಬೇಕಾಗಿಲ್ಲ" ಎಂದರು. ಅಕ್ಕನ ಮಗ ಫೋನಿನಲ್ಲೇ ಚಿತ್ರ ತೋರಿಸಿ "ಮಾಮ, ನಾಳೆ ಸಂಜೆಗೆ ಮನೆ ಬಾಗಿಲಿಗೇ ಬರುತ್ತೆ" ಎಂದ. ಗ್ಯಾರೇಜಿನವನ ಸಿದ್ಧಾಂತವೇ ಬೇರೆ: ಥರ್ಮೋಸ್ಟಾಟ್ ಕಿತ್ತುಹಾಕಿದರೆ ಯಾವ ಗಾಡಿಯೂ ಬಿಸಿಯಾಗುವುದಿಲ್ಲ. ನಮ್ಮ ಗ್ಯಾರೇಜುಗಳಲ್ಲಿ ಇದು ವೇದವಾಕ್ಯ. ಥರ್ಮೋಸ್ಟಾಟ್ ಅಂದರೆ ಹೆಚ್ಚಾಗಿ ಮೇಣ ತುಂಬಿದ ಪುಟ್ಟ ಕವಾಟ. 80 ಡಿಗ್ರಿ ದಾಟಿದ ಮೇಲೆ ಮೇಣ ಕರಗಿ, ಹಿಗ್ಗಿ, ರೇಡಿಯೇಟರ್ ಕಡೆಗೆ ನೀರಿಗೆ ದಾರಿ ಬಿಡುತ್ತದೆ. ಅದನ್ನು ಕಿತ್ತರೆ ಎಂಜಿನ್ ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಅಸಲಿ ರೋಗ ಮಾತ್ರ ಇದ್ದಲ್ಲೇ ಇರುತ್ತದೆ.

ಈ ಕಾರು ಬೆಂಗಳೂರಿನದೇ ಆಗಬಹುದಿತ್ತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಭಾರತದಲ್ಲೇ ಕಾರು ತಯಾರಾಗಬೇಕೆಂದು ವಿಶ್ವೇಶ್ವರಯ್ಯನವರು 1930ರ ದಶಕದ ನಡುವಿನಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ತೆರೆಯುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರ ಒಲವು ತೋರಲಿಲ್ಲ. ವಾಲ್‌ಚಂದ್ 1940ರಲ್ಲಿ ಬೆಂಗಳೂರಿಗೆ ಬಂದರು ನಿಜ, ಆದರೆ ಕಟ್ಟಿದ್ದು ಹಿಂದೂಸ್ತಾನ್ ಏರ್‌ಕ್ರಾಫ್ಟನ್ನು. ಹೀಗೆ ವಿಮಾನ ನಮಗೆ ಸಿಕ್ಕಿತು, ಕಾರು ಮುಂಬೈ ಪಾಲಾಯಿತು. 1944ರಲ್ಲಿ ಸ್ಥಾಪನೆಯಾದ ಪ್ರೀಮಿಯರ್ ಆಟೊಮೊಬೈಲ್ಸ್ ಮೊದಲು ಅಮೆರಿಕದ ಡಾಡ್ಜ್, ಪ್ಲಿಮತ್‌ಗಳನ್ನು ಜೋಡಿಸಿತು. ಆಮೇಲೆ ಇಟಲಿಯ ಫಿಯೆಟ್ ಕೈ ಹಿಡಿದು, 1964ರಲ್ಲಿ 1100ಡಿ ಮಾದರಿಯನ್ನು ಕುರ್ಲಾದ ಕಾರ್ಖಾನೆಯಲ್ಲಿ ತಯಾರಿಸಲು ತೊಡಗಿತು. ಅದೇ ಕಾರು 1970ರ ದಶಕದಲ್ಲಿ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡು, ಮೈಕಟ್ಟಿನಲ್ಲಿ ಹೆಚ್ಚೇನೂ ಬದಲಾಗದೆ, ಶತಮಾನದ ಕೊನೆಯವರೆಗೂ ಹೊರಬರುತ್ತಿತ್ತು. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ.

ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಆ ಟ್ಯಾಕ್ಸಿಗಳೇ ಪದ್ಮಿನಿಯ ಬಿಡಿಭಾಗಗಳ ಪೇಟೆಯನ್ನು ಇಷ್ಟು ಕಾಲ ಜೀವಂತ ಇಟ್ಟದ್ದು. ಈಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪದ್ಮಿನಿಯ ಸಾಮಾನು ಕೇಳಿದರೆ ಹುಡುಗರು ಅಂಗಡಿಯ ಹಿರಿಯರ ಮುಖ ನೋಡುತ್ತಾರೆ. ಹಿರಿಯರು ಅಟ್ಟದ ಕಡೆ ನೋಡುತ್ತಾರೆ.

ಪೇಟೆಗೆ ಹೋಗುವ ಮೊದಲು ಅಪರಾಧಿ ಯಾರೆಂದು ಖಾತ್ರಿಯಾಗಬೇಕು. ಕಾರು ಬಿಸಿಯಾದಾಗಲೆಲ್ಲ ರೇಡಿಯೇಟರನ್ನೇ ಹಿಡಿದು ಬಡಿಯುವುದು ಅನ್ಯಾಯ. ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು. ಕೆಳಗಿನ ರಬ್ಬರ್ ಹೋಸ್ ಮೆತ್ತಗಾಗಿ, ಎಂಜಿನ್ ಜೋರಾಗಿ ತಿರುಗುವಾಗ ಒಳಕ್ಕೆ ಅಪ್ಪಚ್ಚಿಯಾಗುತ್ತಿರಬಹುದು. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿರಬಹುದು. ಎಲ್ಲಕ್ಕಿಂತ ಅಗ್ಗದ ಆರೋಪಿ ರೇಡಿಯೇಟರಿನ ಮುಚ್ಚಳ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ. ಮುಚ್ಚಳದೊಳಗಿನ ಸ್ಪ್ರಿಂಗ್ ನೀರನ್ನು ಒತ್ತಿ ಹಿಡಿದು, ಪ್ರತಿ ಪೌಂಡ್ ಒತ್ತಡಕ್ಕೆ ಹೆಚ್ಚುಕಡಿಮೆ ಒಂದೂವರೆ ಡಿಗ್ರಿಯಷ್ಟು ಕುದಿಯನ್ನು ಮುಂದೂಡುತ್ತದೆ. ಹಾಗಾದರೆ ಇಂದಿನ ಕಾರುಗಳ ಹದಿನೈದು ಪೌಂಡಿನ ಮುಚ್ಚಳವನ್ನೇ ಹಾಕಿಬಿಡೋಣ ಎಂದು ಅಕ್ಕನ ಮಗ ಉತ್ಸಾಹದಿಂದ ಹೇಳಿದ. ಆ ಒತ್ತಡಕ್ಕೆ ಹಳೆಯ ಬೆಸುಗೆ ಬಾಯಿ ಬಿಟ್ಟರೆ ಹಸಿರು ಕಲೆ ಅಂಗಳದಲ್ಲಲ್ಲ, ಹೆದ್ದಾರಿಯ ನಡುವೆ ಬೀಳುತ್ತದೆ.

ಪದ್ಮಿನಿಯ ವಿಷಯದಲ್ಲಿ ಉಳಿದವರೆಲ್ಲ ನಿರ್ದೋಷಿಗಳೆಂದು ಗೊತ್ತಾಯಿತು. ಅಡಿಯಿಂದ ಮುಡಿಯವರೆಗೆ ಕೈಯಾಡಿಸಿದರೆ ಕೋರಿನ, ಅಂದರೆ ರೇಡಿಯೇಟರಿನ ಕೊಳವೆ ರೆಕ್ಕೆಗಳ ಜಾಲದ, ಅರ್ಧ ಭಾಗ ಸುಡುತ್ತಿತ್ತು, ಇನ್ನರ್ಧ ತಣ್ಣಗಿತ್ತು. ತಣ್ಣಗಿದ್ದ ಕಡೆ ನೀರೇ ಹರಿಯುತ್ತಿಲ್ಲ ಎಂದರ್ಥ.

ಇಷ್ಟೆಲ್ಲ ರಗಳೆಯ ಈ ಸಾಮಾನು ಮೊದಲ ಕಾರಿಗೆ ಇರಲೇ ಇಲ್ಲ. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ನೀರು ಸುಮ್ಮನೆ ಕುದಿದು ಆವಿಯಾಗಿ ಹೋಗುತ್ತಿತ್ತು, ಅಷ್ಟೇ. 1888ರಲ್ಲಿ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರ್ ಹೋದಾಗ, ದಾರಿಯುದ್ದಕ್ಕೂ ಸಿಕ್ಕ ಸಿಕ್ಕಲ್ಲಿ ನೀರು ತುಂಬಿಸುತ್ತಲೇ ಸಾಗಬೇಕಾಯಿತು. ಪರಿಹಾರ ಬಂದದ್ದು ಎಂಜಿನಿಯರ್ ವಿಲ್‌ಹೆಲ್ಮ್ ಮೇಬ್ಯಾಕ್‌ನಿಂದ. 1900ರ ಕೊನೆಗೆ ಸಿದ್ಧವಾದ ಮೊದಲ ಮರ್ಸಿಡಿಸ್ ಕಾರಿಗೆ ಅವನು ಜೇನುಗೂಡು ರೇಡಿಯೇಟರ್ ಮಾಡಿದ. 6 ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಒಟ್ಟಿಗೆ ಬೆಸೆದದ್ದು. ಗಾಳಿ ಕೊಳವೆಗಳ ಒಳಗೆ, ನೀರು ಅವುಗಳ ಸಂದಿನಲ್ಲಿ. 35 ಅಶ್ವಶಕ್ತಿಯ ಎಂಜಿನ್ನಿಗೆ 9 ಲೀಟರ್ ನೀರು ಸಾಕಾಯಿತು. ಎಂಟು ಸಾವಿರ ಕೊಳವೆಗಳಿಗೆ ಕೈಯಲ್ಲಿ ಬೆಸುಗೆ ಹಾಕಿದವರ ಹೆಸರು ಚರಿತ್ರೆಯಲ್ಲಿಲ್ಲ. ಅವರ ಕಣ್ಣುಗಳ ಗತಿ ಏನಾಗಿರಬಹುದು ಎಂದು ಈ ಪ್ರಬಂಧಕಾರನಿಗೆ ಆಗಾಗ ಅನ್ನಿಸುವುದುಂಟು.

ಪೇಟೆಯಲ್ಲಿ ಸಿಕ್ಕ ದಾರಿಗಳು ಮೂರು. ಹಿತ್ತಾಳೆ ಟ್ಯಾಂಕಿನ ಹೊಸ ರೇಡಿಯೇಟರ್ ಒಂದು. ನೋಡಲು ಹಳೆಯದರ ಹಾಗೇ ಇತ್ತು, ಆದರೆ ಎತ್ತಿದರೆ ಹಗುರ, ಬೋಲ್ಟಿನ ತೂತುಗಳು ಎರಡು ಬೆರಳು ಆಚೀಚೆ. ಅದನ್ನು ಮಾತಿನಲ್ಲೇ ಮುಗಿಸಿದ್ದಾಯಿತು. ಎರಡನೆಯದು ಅಲ್ಯೂಮಿನಿಯಂ, ಅದನ್ನು ಹಾಗೆ ತಳ್ಳಿಹಾಕುವಂತಿಲ್ಲ. ಶಾಖ ಸಾಗಿಸುವುದರಲ್ಲಿ ಅಲ್ಯೂಮಿನಿಯಂ ತಾಮ್ರದ ಶೇ. 60ರಷ್ಟೇ. ಆದರೂ ರೇಡಿಯೇಟರಾಗಿ ಅದು ಸೋಲುವುದಿಲ್ಲ. ತಾಮ್ರದ ಕೋರಿನಲ್ಲಿ ಕೊಳವೆಗೂ ರೆಕ್ಕೆಗೂ ನಡುವೆ ಸೀಸ, ತವರದ ಬೆಸುಗೆ ಇರುತ್ತದೆ, ಅದು ಶಾಖವನ್ನು ಅಷ್ಟಾಗಿ ಬಿಟ್ಟುಕೊಡದು. ಅಲ್ಯೂಮಿನಿಯಂ ಕೊಳವೆಗಳನ್ನು ಅಗಲವಾಗಿ ಮಾಡಬಹುದು, ತೂಕವೂ ಕಡಿಮೆ. 1970ರ ದಶಕದ ಮಧ್ಯದಿಂದ ಕಾರು ಕಂಪನಿಗಳು ಆ ಕಡೆ ವಾಲಿದ್ದಕ್ಕೆ ಕಾರಣ ಅದರ ಬೆಲೆ ಮತ್ತು ತೂಕ. ತೊಂದರೆ ಬೇರೆ ಕಡೆ ಇದೆ. ಹಳೆಯ ಕಾರಿನ ಅರ್ತಿಂಗ್ ಸರಿಯಿಲ್ಲದಿದ್ದರೆ ಸಣ್ಣ ವಿದ್ಯುತ್ ನೀರಿನ ಮೂಲಕ ಹರಿದು ಅಲ್ಯೂಮಿನಿಯಂ ಅನ್ನು ಒಳಗಿನಿಂದಲೇ ತಿಂದುಹಾಕುತ್ತದೆ. ಮೂವತ್ತು ನಲವತ್ತು ವರ್ಷದ ವೈರಿಂಗ್ ಇರುವ ಪದ್ಮಿನಿಗೆ ಅರ್ತಿಂಗ್ ಸರಿಯಿದೆ ಎಂದು ಎದೆ ತಟ್ಟಿ ಹೇಳುವ ಧೈರ್ಯ ಯಾರಿಗಿದೆ?

ಎರಡು ಸಾಲಿನ ಬದಲು ನಾಲ್ಕು ಸಾಲು ಕೊಳವೆಯದು ತಗೊಳ್ಳಿ ಎಂದು ಅಂಗಡಿಯವರು ಒತ್ತಾಯಿಸಿದರು. ದಪ್ಪ ಹೆಚ್ಚಿದಷ್ಟೂ ತಂಪು ಎಂಬುದು ಪೂರ್ತಿ ಸುಳ್ಳಲ್ಲ. ಆದರೆ ಮೊದಲ ಸಾಲು ದಾಟುವಷ್ಟರಲ್ಲೇ ಗಾಳಿ ಬಿಸಿಯಾಗಿರುತ್ತದೆ, ಹಿಂದಿನ ಸಾಲುಗಳಿಗೆ ಸಿಗುವುದು ಆ ಬಿಸಿಗಾಳಿ. ಜೊತೆಗೆ ಅಷ್ಟು ದಪ್ಪದ ಕೋರಿನ ಮೂಲಕ ಗಾಳಿ ಎಳೆಯಲು ಎಂಜಿನ್ ಬೆಲ್ಟಿನಿಂದ ತಿರುಗುವ ಫ್ಯಾನು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಐಡಲ್ ನಿಂತಾಗ, ಏದುಸಿರು ಬಿಡಬೇಕು. 1,089 ಸಿಸಿಯ, ನಲವತ್ತರ ಆಸುಪಾಸಿನ ಅಶ್ವಶಕ್ತಿಯ ಎಂಜಿನ್ನಿಗೆ ಕಾರ್ಖಾನೆಯವರು ಕೊಟ್ಟ ಅಳತೆಯೇ ಧಾರಾಳ. ಅದು ಕಟ್ಟಿಕೊಂಡಿರಬಾರದು, ಅಷ್ಟೇ.

ಉಳಿದದ್ದು ಮೂರನೆಯ ದಾರಿ, ಹಳೆಯ ಟ್ಯಾಂಕಿಗೇ ಹೊಸ ಕೋರ್. ಕಲಾಸಿಪಾಳ್ಯದ ಕಡೆಯ ಗಲ್ಲಿಯೊಂದರಲ್ಲಿ ಅದನ್ನು ಮಾಡುವ ಭಾಯ್ ಇದ್ದಾರೆ. ಅವರ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಸ್ಟೀಲ್ ಪಾತ್ರೆ ಬಂದ ಮೇಲೆ ಮನೆಯ ಕಸುಬು ರೇಡಿಯೇಟರ್ ಕಡೆ ಹೊರಳಿತು. ತವರ, ಬೆಂಕಿ, ಹಿತ್ತಾಳೆ ಎಲ್ಲ ಪರಿಚಿತವೇ.

ಗ್ಯಾಸಿನ ಉರಿಯನ್ನು ಅಂಚಿನುದ್ದಕ್ಕೂ ಓಡಿಸುತ್ತಿದ್ದಂತೆ ಬೆಸುಗೆ ಬೆಳ್ಳಿಯ ಹನಿಯಾಗಿ ಉರುಳಿತು, ಮೇಲಿನ ಟ್ಯಾಂಕ್ ಕೈಗೆ ಬಂತು. ಕೊಳವೆಗಳ ಬಾಯಿ ಬಯಲಾಯಿತು. ಅರ್ಧಕ್ಕರ್ಧ ಬಿಳಿಯ ಗಟ್ಟಿ ಪದರದಿಂದ ಮುಚ್ಚಿಹೋಗಿದ್ದವು. ಭಾಯ್ ಚಪ್ಪಟೆ ಕಂಬಿಯೊಂದನ್ನು ಒಂದರೊಳಗೆ ತೂರಿಸಿದರು. ಎರಡಂಗುಲ ಹೋಗಿ ನಿಂತಿತು. ಉಗುರಿನಿಂದ ಆ ಬಿಳಿಯದನ್ನು ಕೆರೆದು, "ಬೋರ್ ನೀರು ಹಾಕ್ತಿದ್ರಾ ಸಾರ್?" ಎಂದರು.

"ಅಪ್ಪನ ಕಾಲದಿಂದಲೂ ಅದೇ, ಭಾಯ್."

"ಟ್ಯಾಂಕ್ ಗಟ್ಟಿ ಇದೆ. ಇಂಥ ಹಿತ್ತಾಳೆ ಈಗ ಬರಲ್ಲ. ಕೋರ್ ಮಾತ್ರ ಹೊಸದು ಹಾಕೋಣ, ಮೂರು ಸಾಲಿಂದು. ನಾಲ್ಕು ಬೇಡ, ಫ್ಯಾನ್ ಎಳೆಯಲ್ಲ."

ಬರೀ ಕಂಬಿ ಆಡಿಸಿ ಕೊಳವೆ ಬಿಡಿಸಿದರೆ ಖರ್ಚು ಕಡಿಮೆಯಾಗುತ್ತಿತ್ತು. ಆದರೆ ರೆಕ್ಕೆಗಳು ಬೆರಳು ತಾಗಿದರೆ ಪುಡಿಯಾಗುವಷ್ಟು ಸವೆದಿದ್ದವು. ಹೊಸ ಕೋರ್ ಕೂರಿಸಿ, ಟ್ಯಾಂಕ್ ಬೆಸೆದ ಮೇಲೆ, ಬಾಯಿಗಳಿಗೆಲ್ಲ ರಬ್ಬರ್ ಬಿರಡೆ ಜಡಿದು, ಒಳಗೆ ಗಾಳಿ ತುಂಬಿ, ರೇಡಿಯೇಟರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಮೂಲೆಯೊಂದರಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಮೇಲೆತ್ತಿ, ಒರೆಸಿ, ಅಲ್ಲಿಗೊಂದು ಚುಕ್ಕೆ ಬೆಸುಗೆ ಇಟ್ಟು, ಮತ್ತೆ ಮುಳುಗಿಸಿದರು. ಈ ಸಲ ನೀರು ಅಲುಗಲಿಲ್ಲ. ಹಳೆಯ ಕೋರನ್ನು ತಕ್ಕಡಿಗೆ ಹಾಕಿ, ತಾಮ್ರದ ದರದಲ್ಲಿ ಬಿಲ್ಲಿನಿಂದ ಕಳೆದದ್ದು ಈ ಪ್ರಬಂಧಕಾರನಿಗೆ ತುಂಬ ಹಿಡಿಸಿತು.

ಹೊರಡುವಾಗ ಭಾಯ್ ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು: ಹಳೇ ಮುಚ್ಚಳದಷ್ಟೇ ಪೌಂಡಿನ ಹೊಸ ಮುಚ್ಚಳ, ಅರ್ಧ ಕೂಲೆಂಟು, ಅರ್ಧ ಡಿಸ್ಟಿಲ್ಡ್ ವಾಟರು, ಬೋರ್ ನೀರು ಒಂದು ಹನಿಯೂ ಬೇಡ. ಮನೆಯ ಹತ್ತಿರದ ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರಿನ ಕ್ಯಾನ್ ಕೇಳಿದಾಗ ಅಂಗಡಿಯಾತ "ಇನ್ವರ್ಟರಿಗಾ ಸಾರ್?" ಎಂದ.

"ಅಲ್ಲ, ಕಾರಿಗೆ."

"ಒಂದು ಕಾರಿನ ಬ್ಯಾಟರಿಗೆ ಇಷ್ಟೊಂದಾ?" ಎಂದು ಅವನು ಕ್ಯಾನನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ.