ಬರಿದಾದ ಮೇಲೆ ಕಾಣುವ ಚಿತ್ರ

ಚಂಪೂಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದೆಂಬುದು ಕನ್ನಡ ವಿದ್ಯಾರ್ಥಿಗಳು ಬಲ್ಲ ಸಂಗತಿ. ಅಲ್ಲಿ ಪಾನವನ್ನು ಬಣ್ಣಿಸುವವನು ಕವಿ. ಪಾನಪಾತ್ರೆಯ ಮೈಮೇಲೆಯೇ ಹೆಸರು, ಊರು, ಇಸವಿಗಳನ್ನು ಬರೆಸಿ, ಅದನ್ನು ಓದತಕ್ಕ ವಸ್ತುವನ್ನಾಗಿ ಮಾಡಿದ ರೂಢಿಯೊಂದು ಜರ್ಮನಿಯಲ್ಲಿತ್ತು.

ಇಂದು ಮ್ಯೂನಿಕ್ ನಗರದ ಬಿಯರ್ ಉತ್ಸವದಲ್ಲಿ ಕಾಣುವುದು ಒಂದು ಲೀಟರ್ ಹಿಡಿಯುವ ದಪ್ಪ ಗಾಜಿನ ಪಾತ್ರೆ. ಒಳಗೆ ಬಿಯರ್ ಎಷ್ಟು, ನೊರೆ ಎಷ್ಟು ಎಂಬುದು ಕುಡಿಯುವವನಿಗೆ ಕೂಡಲೇ ತಿಳಿಯುತ್ತದೆ. ಹಳೆಯ ಪಾತ್ರೆಗಳು ಹಾಗಲ್ಲ. ಉಪ್ಪಿನಕಾಯಿ ಭರಣಿಯಂತೆ ಬಿರುಸಾದ ಬೆಂಕಿಯಲ್ಲಿ ಬೆಂದ ಮಣ್ಣಿನವು, ಇಲ್ಲವೇ ಪಿಂಗಾಣಿಯವು. ಮೇಲೆ ತವರದ ಮುಚ್ಚಳ. ಹಿಡಿಕೆಯನ್ನು ಹಿಡಿದ ಕೈಯ ಹೆಬ್ಬೆರಳೇ ಅದನ್ನು ತೆರೆಯಬಲ್ಲದು.

ಈ ಕುಲದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತನಾಡುವುದು ಸೈನಿಕನ ಪಾತ್ರೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ದಶಕಗಳಲ್ಲಿ ಜರ್ಮನಿಯ ತರುಣರಿಗೆ ಸೈನ್ಯಸೇವೆ ಕಡ್ಡಾಯವಾಗಿತ್ತು. 1893ರ ಬಳಿಕ ಕಾಲಾಳಿಗೆ ಎರಡು ವರ್ಷ, ಕುದುರೆ ಸವಾರನಿಗೆ ಮೂರು. ಅವಧಿ ಮುಗಿದವನು ಮೀಸಲು ಪಡೆಗೆ ಸೇರಿ ಮನೆಗೆ ಮರಳುತ್ತಿದ್ದನು. ಮರಳುವಾಗ ನೆನಪಿಗೆಂದು ತನ್ನ ಹಣದಿಂದಲೇ ಅರ್ಧ ಲೀಟರಿನ ಪಾತ್ರೆಯೊಂದನ್ನು ಮಾಡಿಸಿಕೊಳ್ಳುತ್ತಿದ್ದನು. ಚಿತ್ರದ ರೇಖೆಗಳನ್ನು ಅಚ್ಚಿನಿಂದ ಇಳಿಸಿ, ಬಣ್ಣವನ್ನು ಕೈಯಿಂದ ತುಂಬುತ್ತಿದ್ದರು. ಮುಚ್ಚಳದ ಶಿಖರದಲ್ಲಿ ಕಾಲಾಳು, ಕುದುರೆ ಸವಾರ ಅಥವಾ ಫಿರಂಗಿ. ಹೆಬ್ಬೆರಳಿನ ಮೀಟುಗೋಲಿನಲ್ಲಿ ಬವೇರಿಯದವನಿಗೆ ಸಿಂಹ, ಪ್ರಷ್ಯದವನಿಗೆ ಹದ್ದು. ಇಷ್ಟೆಲ್ಲ ಹೊತ್ತ ಪಾತ್ರೆ ನಿತ್ಯದ ಕುಡಿತಕ್ಕಿಂತ ಕಪಾಟಿಗೇ ಹೆಚ್ಚು ಒಪ್ಪುವಂಥದು.

ಹಿಡಿಕೆಯ ಎರಡೂ ಬದಿಗಳಲ್ಲಿ ಅದೇ ವರ್ಷ ಬಿಡುಗಡೆಯಾದ ಸಂಗಾತಿಗಳ ಹೆಸರುಗಳ ಪಟ್ಟಿ. ಹಿತ್ತಾಳೆ, ಸ್ಟೀಲು ಪಾತ್ರೆಗಳ ಮೇಲೆ ಹೆಸರು ಕೊರೆಯಿಸುವ ರೂಢಿ ಕಾಸರಗೋಡಿನ ಮನೆಗಳಲ್ಲಿಯೂ ಉಂಟು. ಆದರೆ ಅಲ್ಲಿರುವುದು ಒಡೆತನದ ಗುರುತು. ಇಲ್ಲಿರುವುದು ಒಂದು ತುಕಡಿಯ ಹಾಜರಿ.

ಪಿಂಗಾಣಿಯ ಪಾತ್ರೆಗಳ ತಳದಲ್ಲಿ ಇನ್ನೊಂದು ಚಿತ್ರವಿರುತ್ತದೆ. ಅದಕ್ಕೆ ಬಣ್ಣವಿಲ್ಲ. ಪಿಂಗಾಣಿ ತೆಳುವಾದಲ್ಲಿ ಬೆಳಕು, ದಪ್ಪವಾದಲ್ಲಿ ನೆರಳು. ಅಷ್ಟರಲ್ಲಿಯೇ ರೂಪ ಮೂಡಬೇಕು. ಪ್ಯಾರಿಸ್ಸಿನಲ್ಲಿ 1827ರಲ್ಲಿ ಹಕ್ಕುಪತ್ರ ಪಡೆದ ಈ ವಿದ್ಯೆಗೆ ಲಿಥೊಫೇನ್ ಎಂದು ಹೆಸರು. ಬಿಯರ್ ಇರುವವರೆಗೆ ಚಿತ್ರವಿಲ್ಲ. ಕೊನೆಯ ಗುಟುಕನ್ನು ಕುಡಿದು, ಬರಿದಾದ ಪಾತ್ರೆಯನ್ನು ಬೆಳಕಿಗೆತ್ತಿ ಒಳಗಿಣುಕಿದರೆ ಸೈನಿಕನೊಬ್ಬ ತನ್ನ ಪ್ರಿಯೆಯನ್ನು ಬೀಳ್ಕೊಡುತ್ತಿರುತ್ತಾನೆ. ಇದು ಬಹು ಮೆಚ್ಚಿನ ವಿಷಯವಾಗಿತ್ತು.

ಪಾತ್ರೆಗಳ ಮೇಲೆ ಮತ್ತೆ ಮತ್ತೆ ಕಾಣುವ ಬರಹ ‘ರೆಸೆರ್ವೆ ಹಾಟ್ ರೂ’. ಮೀಸಲಿನವನಿಗೆ ವಿಶ್ರಾಂತಿ ಎಂದು ಅದರ ಅರ್ಥ. 1914ರ ಆಗಸ್ಟ್ 1ರಂದು ಜರ್ಮನಿ ಸೈನ್ಯ ಸಜ್ಜುಗೊಳಿಸುವ ಆಜ್ಞೆ ಹೊರಡಿಸಿದಾಗ ಮೊದಲಿಗೆ ಕರೆ ಬಂದವರಲ್ಲಿ ಈ ಮೀಸಲಿನವರೇ ಇದ್ದರು. ಪಾತ್ರೆಗಳು ಕಪಾಟಿನಲ್ಲಿಯೇ ಉಳಿದವು.

ಈಗ ಅವು ಹಳೆಯ ವಸ್ತುಗಳ ಅಂಗಡಿಗಳಲ್ಲಿ ಮಾರಾಟಕ್ಕಿವೆ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಸೈನಿಕರಿಗೂ ಪ್ರವಾಸಿಗರಿಗೂ ಮಾರಲೆಂದು ತಯಾರಾದ ನಕಲುಗಳೂ ಅವುಗಳ ನಡುವೆ ಸೇರಿಕೊಂಡಿವೆ. ತಳದಲ್ಲಿ ನಗ್ನ ಸ್ತ್ರೀಯ ಚಿತ್ರ ಕಂಡರೆ ಬಲ್ಲವರು ನಕಲೆಂದು ಕೆಳಗಿಡುತ್ತಾರೆ. ಅಸಲಿ ಪಾತ್ರೆ ದೊರೆತಾಗ ಮಾತ್ರ ಕೆಲವರು ಬೇರೊಂದು ಕೆಲಸಕ್ಕೆ ತೊಡಗುತ್ತಾರೆ. ಯುದ್ಧಕಾಲದಲ್ಲಿ ಸರ್ಕಾರ ಪ್ರಕಟಿಸಿದ ಹತರ, ಗಾಯಗೊಂಡವರ, ಕಾಣೆಯಾದವರ ಪಟ್ಟಿಗಳು ಉಳಿದುಬಂದಿವೆ. ಹಿಡಿಕೆಯ ಪಕ್ಕದ ಹೆಸರುಗಳನ್ನು ಒಂದೊಂದಾಗಿ ಆ ಪಟ್ಟಿಗಳೊಡನೆ ತಾಳೆ ನೋಡುತ್ತಾರೆ. ಪಾತ್ರೆಯ ಮೇಲೆ ಹಲವು ವೇಳೆ ಕುಲನಾಮ ಮಾತ್ರ ಇರುತ್ತದೆ. ಮ್ಯುಲ್ಲರ್ ಎಂಬಂಥ ಹೆಸರು ಬಂದರೆ ಹುಡುಕಾಟ ಮುಂದುವರಿಯುವುದಿಲ್ಲ. ಆ ಹೆಸರಿನವರು ಪಟ್ಟಿಯ ತುಂಬ ಇದ್ದಾರೆ.