ಹತ್ತು ನಿಮಿಷದ ಊರು

ಇಂಗ್ಲೆಂಡಿಗೆ ಬಂದವರಿಗೆ ಮೊದಲ ವಾರವೇ ಗೊತ್ತಾಗುತ್ತೆ, ಇಲ್ಲಿ ಮನುಷ್ಯರಿಗೆ ಎನ್‌ಎಚ್‌ಎಸ್ ಇದೆ ಅಂತ. ನಾಯಿಗೆ ಇಲ್ಲ ಅನ್ನೋದು ಗೊತ್ತಾಗೋದು ನಾಯಿ ಸಾಕಿದ ಮೇಲೆ. ಅದಕ್ಕೇ ಇಲ್ಲಿ ಅನೇಕರು ನಾಯಿ ತಂದ ತಿಂಗಳಲ್ಲೇ ವಿಮೆ ಮಾಡಿಸ್ತಾರೆ. ನಾವೂ ಮಾಡಿಸಿದ್ವಿ. ನಮ್ಮ ನಾಯಿಯ ಹೆಸರು ರಾಗಿ. ಬಣ್ಣವೂ ಮುದ್ದೆಯದ್ದೇ.

ನಾವಿರೋದು ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಊರಿನಲ್ಲಿ. ಕಳೆದ ಬೇಸಿಗೆಯಲ್ಲಿ ಅಳಿಲಿನ ಹಿಂದೆ ಓಡಿದ ರಾಗಿ ಮೂರು ಕಾಲಿನಲ್ಲಿ ವಾಪಸ್ ಬಂದ. ಹಿಂಗಾಲಿನ ಮಂಡಿಯೊಳಗಿನ ಅಸ್ಥಿಬಂಧ ಹರಿದಿತ್ತು. ನಾಯಿಗಳಲ್ಲಿ ಇದು ತುಂಬಾ ಸಾಮಾನ್ಯ. ಮಂಡಿಯ ಕೆಳಗಿನ ಮೂಳೆಯನ್ನು ಕತ್ತರಿಸಿ, ಸ್ವಲ್ಪ ತಿರುಗಿಸಿ, ಲೋಹದ ಪಟ್ಟಿ ಹಾಕಿ ಸ್ಕ್ರೂ ಬಿಗಿಯುವ ಆಪರೇಷನ್. ಬಿಲ್ಲು 4,500 ಪೌಂಡ್, ಅಂದ್ರೆ ಹತ್ತಿರ ಹತ್ತಿರ ಐದು ಲಕ್ಷ ರೂಪಾಯಿ. ದಸರಾಕ್ಕೆ ಊರಿಗೆ ಹೋಗಲು ಎತ್ತಿಟ್ಟ ದುಡ್ಡೆಲ್ಲ ಅಲ್ಲಿಗೆ ಹೋಯಿತು, ಉಳಿದದ್ದು ಕ್ರೆಡಿಟ್ ಕಾರ್ಡಿಗೆ. ಕ್ಲೇಮ್ ಬಂದರೆ ಟಿಕೆಟ್, ಇಲ್ಲದಿದ್ದರೆ ವಿಡಿಯೋ ಕಾಲ್‌ನಲ್ಲೇ ದಸರಾ.

ಡಾಕ್ಟರು ಕೊಟ್ಟ ಚೀಟಿಯಲ್ಲಿ ಬರೆದಿತ್ತು: ಮೊದಲೆರಡು ವಾರ ಐದೈದು ನಿಮಿಷದ ನಡಿಗೆ, ಹಗ್ಗ ಬಿಡಬಾರದು, ಆಮೇಲೆ ನಿಧಾನಕ್ಕೆ ಹತ್ತು, ಹದಿನೈದು. ಕ್ಲೇಮಿಗೂ ಸಮಯ ಹಿಡಿಯುತ್ತದೆ ಅಂದಿದ್ದರು ಕೌಂಟರಿನ ಹುಡುಗಿ. ಹಾಗೆ ನಮ್ಮ ಎರಡು ಕಾಯುವಿಕೆಗಳೂ ಒಟ್ಟಿಗೆ ಶುರುವಾದವು.

ಈ ಬೀದಿಯಲ್ಲಿ ಬಹಳ ದಿನದಿಂದ ಇದ್ದೇನೆ, ಆದರೆ ಐದು ನಿಮಿಷದ ವೇಗದಲ್ಲಿ ಯಾವತ್ತೂ ನೋಡಿರಲಿಲ್ಲ. ನಮ್ಮ ನ್ಯೂಟೌನ್ ಪ್ರದೇಶದಲ್ಲಿ ಸಾಲು ಸಾಲು ಕೆಂಪು ಇಟ್ಟಿಗೆಯ ಮನೆಗಳು. ಪಕ್ಕದಲ್ಲೇ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ ಕಾರ್ಖಾನೆ ಇತ್ತು. 1822ರಲ್ಲಿ ಒಂದು ಸಣ್ಣ ಬೇಕರಿಯಾಗಿ ಶುರುವಾದ ಕಂಪನಿ, ಒಂದು ಕಾಲಕ್ಕೆ ಅದರ ಡಬ್ಬಗಳು ಇಲ್ಲದ ದೇಶವೇ ಇರಲಿಲ್ಲ ಅಂತಾರೆ. ಇಲ್ಲಿನ ಕಾರ್ಖಾನೆ 1976ರಲ್ಲಿ ಮುಚ್ಚಿತು. ಕೆಲಸಗಾರರ ಮನೆಗಳು ಮಾತ್ರ ಉಳಿದವು, ಈಗ ಅದರಲ್ಲಿ ನಮ್ಮಂಥವರು. ರಾಗಿ ಮೂಲೆಯ ಅಂಚೆ ಡಬ್ಬಿವರೆಗೆ ಹೋಗಿ ಮೂಸಿ ವಾಪಸ್ ಬರುತ್ತಿದ್ದ. ಅಲ್ಲಿಗೆ ಐದು ನಿಮಿಷ ಮುಗೀತು.

ಮೂರನೇ ವಾರ ಕ್ಲಿನಿಕ್‌ಗೆ ಫೋನ್ ಮಾಡಿದೆ. ಇಲ್ಲಿ ಕ್ಲೇಮ್ ಫಾರಂನ ಒಂದು ಭಾಗವನ್ನು ನಾವು ತುಂಬಬೇಕು, ಇನ್ನೊಂದನ್ನು ಕ್ಲಿನಿಕ್. ಜೊತೆಗೆ ನಾಯಿಯ ಪೂರ್ತಿ ಚರಿತ್ರೆ, ಅಂದ್ರೆ ಅದು ಹೋದ ಪ್ರತಿ ಕ್ಲಿನಿಕ್ಕಿನ ಪ್ರತಿ ಸಾಲೂ ಬೇಕು. ನಾವು ಹಿಂದೆ ಇದ್ದ ಊರಿನ ಕ್ಲಿನಿಕ್ಕಿಂದ ಅದು ಇನ್ನೂ ಬಂದಿರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಾವು ತಡ ಅಂತ ಬೈಯೋದು ವಿಮಾ ಕಂಪನಿಯನ್ನು, ಆದರೆ ಫೈಲು ಅವರ ಬಾಗಿಲಿಗೇ ಹೋಗಿರಲಿಲ್ಲ.

ಅಷ್ಟರಲ್ಲಿ ರಾಗಿಗೆ ಹತ್ತು ನಿಮಿಷದ ಅನುಮತಿ ಸಿಕ್ಕಿತ್ತು. ಹತ್ತು ನಿಮಿಷ ಅಂದ್ರೆ ಕೆನೆಟ್ ನದಿ. ದಡದಲ್ಲಿ ಉದ್ದುದ್ದ ದೋಣಿಮನೆಗಳು, ಚಾವಣಿ ಮೇಲೆ ಸೌದೆ, ಹೂಕುಂಡ, ಸೈಕಲ್ಲು. ಇನ್ನೆರಡು ವಾರಕ್ಕೆ ಕೆನೆಟ್ ಹೋಗಿ ಥೇಮ್ಸ್‌ಗೆ ಸೇರುವ ಸಂಗಮದವರೆಗೂ ತಲುಪಿದ್ವಿ. ಅಲ್ಲಿ ಬ್ರೂನೆಲ್ ಎಂಬ ಎಂಜಿನಿಯರ್ ಕಟ್ಟಿದ ಇಟ್ಟಿಗೆಯ ರೈಲು ಸೇತುವೆ ಇದೆ, ಮೇಲೆ ಲಂಡನ್ ರೈಲು, ಕೆಳಗೆ ಹಂಸಗಳು. ಸಂಗಮ ಅಂದ ಕೂಡಲೇ ನನಗೆ ನೆನಪಾಗೋದು ಶ್ರೀರಂಗಪಟ್ಟಣ. ಇಲ್ಲಿ ಮುಳುಗು ಹಾಕೋರಿಲ್ಲ, ಪುಣ್ಯವೂ ಇಲ್ಲ. ಬೆಂಚು ಮಾತ್ರ ಇದೆ.

ಅಲ್ಲೇ ಕೂತಿದ್ದಾಗ ಕ್ಲಿನಿಕ್ಕಿನಿಂದ ಕರೆ ಬಂತು. ಚರಿತ್ರೆ ಸಿಕ್ಕಿದೆ, ಆದರೆ ಒಂದು ತೊಡಕಿದೆ ಅಂದರು. ಮೂರು ವರ್ಷದ ಹಿಂದೆ, ರಾಗಿಯನ್ನು ತಂದ ಮೊದಲ ವಾರದ ತಪಾಸಣೆಯಲ್ಲಿ ಡಾಕ್ಟರು ಬರೆದಿದ್ದರಂತೆ: ಎಡ ಹಿಂಗಾಲು ಸ್ವಲ್ಪ ಕುಂಟು. ಆಪರೇಷನ್ ಆದದ್ದೂ ಎಡಗಾಲಿಗೇ. ವಿಮೆಗೆ ಮುಂಚೆಯೇ ಇದ್ದ ಕಾಯಿಲೆಗೆ ದುಡ್ಡು ಕೊಡಲ್ಲ ಅನ್ನೋದು ಇಲ್ಲಿನ ಹೆಚ್ಚುಕಮ್ಮಿ ಎಲ್ಲ ಪಾಲಿಸಿಗಳ ನಿಯಮ. ಪಾಲಿಸಿ ಶುರುವಾದ ಮೇಲೂ ಮೊದಲ ಕೆಲವು ದಿನ ಕಾಯಿಲೆಗಳಿಗೆ ರಕ್ಷಣೆ ಇರಲ್ಲ. ಆ ಒಂದು ಸಾಲಿಗೆ 4,500 ಪೌಂಡ್ ನೇತಾಡುತ್ತಿತ್ತು.

ಆ ರಾತ್ರಿ ಅಮ್ಮನಿಗೆ ಹೇಳಿದೆ. ಮಂಡ್ಯದ ಕಡೆ ನಮ್ಮನೆಯಲ್ಲಿ ಯಾವಾಗಲೂ ಹಸು ಇದ್ದವು. ಅಮ್ಮ ಕೇಳಿದ ಮೊದಲ ಪ್ರಶ್ನೆ, 'ನಾಯಿ ಚೆನ್ನಾಗಿದೆ ತಾನೆ? ಮತ್ತೆ ವಿಮೆ ಯಾಕೆ?' ಸರಿಯೇ. ನಮ್ಮೂರಲ್ಲಿ ಹಸುವಿನ ವಿಮೆ ಅಂದ್ರೆ ಮುಖ್ಯವಾಗಿ ಅದು ಸತ್ತ ಮೇಲೆ ಬರುವ ದುಡ್ಡು. ಡಾಕ್ಟರು ಮನೆಗೆ ಬರಬೇಕು, ಕಿವಿಯೋಲೆಯ ನಂಬರು ಕಾಣುವ ಹಾಗೆ ಫೋಟೋ ತೆಗೀಬೇಕು, ಸರ್ಟಿಫಿಕೇಟ್ ಬರೀಬೇಕು. ಓಲೆ ಇಲ್ಲದಿದ್ದರೆ ಕ್ಲೇಮೇ ಇಲ್ಲ. 'ಅಲ್ಲೂ ಡಾಕ್ಟರು ಬರೆದ ಮೇಲೇ ಅನ್ನು' ಅಂದರು ಅಮ್ಮ. ಹೌದು. ಅಲ್ಲಿ ಓಲೆ, ಇಲ್ಲಿ ಚರಿತ್ರೆ. ಮೂಕ ಪ್ರಾಣಿಯ ಪರವಾಗಿ ಬರೆದವರ ಮಾತೇ ಸಾಕ್ಷಿ.

ನಮ್ಮ ಡಾಕ್ಟರು ಮೂರು ವರ್ಷದ ಕಡತವನ್ನು ಕೂತು ಓದಿದರು. ಕುಂಟಿನ ಸಾಲಿಂದ ನಾಲ್ಕು ದಿನ ಮುಂದೆ ಇನ್ನೊಂದು ಸಾಲಿತ್ತು: ಮುರಿದ ಉಗುರು ತೆಗೆಯಲಾಗಿದೆ, ನಡಿಗೆ ಸರಿಯಾಗಿದೆ. ಅದನ್ನು ಎತ್ತಿ ತೋರಿಸಿ, ಮಂಡಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಪತ್ರ ಬರೆದು, ಫಾರಂ ಜೊತೆ ಕಳಿಸಿದರು. ಆರು ವಾರ ಹಿಡಿದದ್ದು ಇದಕ್ಕೆ. ಬೇಗ ಕಳಿಸಿಬಿಟ್ಟಿದ್ದರೆ ಬಹುಶಃ ಬೇಗ ತಿರಸ್ಕಾರವಾಗಿರುತ್ತಿತ್ತು. ದಿನಾ ಫೋನ್ ಮಾಡಿ ಕೌಂಟರಿನ ಹುಡುಗಿಯನ್ನು ಅವಸರಿಸುವ ಆಸೆ ನನಗೆ ಅಂದಿನಿಂದ ಹೋಯಿತು.

ಒಂಬತ್ತನೇ ವಾರ ಬಸ್ಸು ಹತ್ತಿ ಫೋರ್ಬರಿ ಪಾರ್ಕಿಗೆ ಹೋದೆವು. ನಡುವೆ ಎರಕಹೊಯ್ದ ಕಬ್ಬಿಣದ ದೊಡ್ಡ ಸಿಂಹ. 1880ರಲ್ಲಿ ಅಫ್ಘಾನಿಸ್ತಾನದ ಮೈವಂದ್ ಯುದ್ಧದಲ್ಲಿ ಸತ್ತ ಈ ಜಿಲ್ಲೆಯ ಸೈನಿಕರ ನೆನಪಿಗೆ 1886ರಲ್ಲಿ ನಿಲ್ಲಿಸಿದ್ದು. ಊರವರು ಇವತ್ತಿಗೂ ಹೇಳುವ ಕಥೆ: ಸಿಂಹದ ಕಾಲುಗಳ ನಡೆ ತಪ್ಪಾಗಿದೆ, ಅದು ಗೊತ್ತಾಗಿ ಶಿಲ್ಪಿ ಆತ್ಮಹತ್ಯೆ ಮಾಡಿಕೊಂಡ. ಶುದ್ಧ ಸುಳ್ಳು. ಶಿಲ್ಪಿ ಜಾರ್ಜ್ ಸೈಮಂಡ್ಸ್ ಬದುಕಿದ್ದು 1929ರವರೆಗೆ. ಅದೇ ಯುದ್ಧದಲ್ಲಿ ಗಾಯಗೊಂಡು ಬದುಕಿ ಬಂದ ಬಾಬಿ ಎಂಬ ನಾಯಿಗೆ ವಿಕ್ಟೋರಿಯಾ ರಾಣಿ ಪದಕ ತೊಡಿಸಿದ್ದಳು. ಮುಂದಿನ ವರ್ಷ ಬಾಬಿ ಗಾಸ್ಪೋರ್ಟ್ ಊರಿನಲ್ಲಿ ಕುದುರೆಗಾಡಿಗೆ ಸಿಕ್ಕಿ ಸತ್ತ.

ರಾಗಿ ಸಿಂಹದ ಸುತ್ತ ಒಂದು ಸುತ್ತು ಹಾಕಿದ, ನಾಲ್ಕೂ ಕಾಲೂರಿ. ಅದೇ ವಾರ ದುಡ್ಡು ಬಂತು, ನಮ್ಮ ಪಾಲಿನ ಕಡಿತ ಬಿಟ್ಟು. ಪತ್ರದ ಕೊನೆಯಲ್ಲಿ ಒಂದು ಸಾಲು: ಬಲ ಮಂಡಿಗೆ ಇದೇ ತೊಂದರೆ ಬಂದರೂ ಒಂದೇ ಕಾಯಿಲೆ ಎಂದು ಪರಿಗಣಿಸಲಾಗುವುದು. ಒಂದು ಕಾಲು ಹೋದ ನಾಯಿಗಳಲ್ಲಿ ಇನ್ನೊಂದು ಹೋಗೋದು ಅಪರೂಪವಲ್ಲ. ಮಿತಿಯಲ್ಲಿ ಉಳಿದಿರೋದು ಅರ್ಧಕ್ಕಿಂತ ಕಮ್ಮಿ.

ಇಲ್ಲಿ ನಾಯಿ, ಬೆಕ್ಕು ಸಾಕೋ ಯೋಚನೆಯಿದ್ದರೆ ಮೂರು ಮಾತು. ಪಾಲಿಸಿ ಕೊಳ್ಳುವಾಗ ಎರಡೂ ಕಾಲಿಗೆ ಒಂದೇ ಮಿತಿಯಾ ಅಂತ ಕೇಳಿ. ಊರು ಬಿಡುವಾಗ ಹಳೇ ಕ್ಲಿನಿಕ್ಕಿನಿಂದ ಚರಿತ್ರೆಯ ಪ್ರತಿ ಇಸ್ಕೊಳ್ಳಿ, ಇಸ್ಕೊಂಡು ಓದಿ. ದೊಡ್ಡ ಆಪರೇಷನ್ ಆದರೆ, ತುರ್ತಿಲ್ಲದಿದ್ದಲ್ಲಿ, ಮೊದಲೇ ಕಂಪನಿಯ ಒಪ್ಪಿಗೆ ಕೇಳಿ.

ದಸರಾಕ್ಕೆ ಹೋಗಲಾಗಲಿಲ್ಲ, ಟಿಕೆಟ್ ದರ ಅಷ್ಟರಲ್ಲಿ ಏರಿತ್ತು. ಸಂಕ್ರಾಂತಿಗೆ ಬುಕ್ ಮಾಡಿದ್ದೇವೆ. ಅಲ್ಲಿಯವರೆಗೆ ರಾಗಿಯ ಬಲಗಾಲನ್ನು ನಾನು ನೋಡೋ ಹಾಗೆ ಊರಲ್ಲಿ ಯಾರೂ ಯಾರ ಕಾಲನ್ನೂ ನೋಡುತ್ತಿಲ್ಲ.